ಗೋಡೆ ಏಳುವ ಮುನ್ನ: ಮಗಳಿಗೊಂದು ಪತ್ರ

ಮೈಸೂರು

ಚಿ. ಸೌ. ವಿಭಾಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ. ಕನಕಪುರ ರಸ್ತೆಯ ಕಡೆ ಇನ್ನೂ ಪಾಯದ ಹಂತದಲ್ಲಿರುವ ಕಟ್ಟಡದಲ್ಲಿ, ಏಳನೆಯ ಮಹಡಿಯ ಮೂರು ಕೋಣೆಯ ಮನೆಯೊಂದನ್ನು ನೀನೂ ಅಳಿಯಂದಿರೂ ಬಹುತೇಕ ಗೊತ್ತುಮಾಡಿಕೊಂಡಿದ್ದೀರಿ ಎಂದು ತಿಳಿದು ನಿನ್ನ ಅಪ್ಪನಿಗೂ ನನಗೂ ಸಂತೋಷವಾಯಿತು. ಮನೆಯನ್ನು ನಿಮ್ಮ ಇಷ್ಟದಂತೆ ಮಾಡಿಕೊಡುತ್ತೇವೆಂದು ಬಿಲ್ಡರ್ ಕಡೆಯವರು ಕೊಟ್ಟ ಪಟ್ಟಿಯನ್ನೂ ಓದಿದೆ. ಟೈಲ್ಸಿನ ಬಗೆಗಳು, ಅಡುಗೆಮನೆಯ ಕಲ್ಲಿನ ಬಣ್ಣಗಳು, ಬಾಗಿಲ ಹಿಡಿಗಳು, ನಲ್ಲಿಗಳು, ಗೋಡೆಯ ಬಣ್ಣ, ಇವೇ ಅದರ ತುಂಬ ಇವೆ. ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ನಕ್ಷೆ ಬರೆದೇ ನೌಕರಿ ಮುಗಿಸಿದವಳು ನಾನಾದ್ದರಿಂದ, ಆ ಪಟ್ಟಿಯಲ್ಲಿ ಇದ್ದುದಕ್ಕಿಂತ ಇಲ್ಲದ್ದೇ ನನ್ನ ಕಣ್ಣಿಗೆ ಬಿತ್ತು. ಟೈಲ್ಸು, ಬಣ್ಣ, ನಲ್ಲಿಗಳನ್ನು ಹತ್ತು ವರ್ಷ ಕಳೆದ ಮೇಲೂ ಬದಲಾಯಿಸಬಹುದು. ಗೋಡೆಯ ಒಳಗೂ ನೆಲದ ಕೆಳಗೂ ಸೇರಿಹೋಗುವುದನ್ನು ಹೇಳಿ ಮಾಡಿಸಿಕೊಳ್ಳುವುದಕ್ಕೆ ಈಗಿರುವ ಕೆಲವು ತಿಂಗಳುಗಳಷ್ಟೇ ಅವಕಾಶ. ನಿನ್ನ ಸಮಯವನ್ನೂ ಹಣವನ್ನೂ ಮೊದಲು ಅಲ್ಲಿಗೆ ಕೊಡು ಎಂದು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಅವರ ಸೈಟ್ ಇಂಜಿನಿಯರನ್ನು ಕೇಳಬೇಕಾದ ಪ್ರಶ್ನೆಯೊಂದಿದೆ. ಮಾರಾಟ ವಿಭಾಗದ ಹುಡುಗರನ್ನು ಕೇಳಿದರೆ ಪ್ರಯೋಜನವಿಲ್ಲ. ಈ ಕಟ್ಟಡ ಕಂಬ-ತೊಲೆಗಳ ಮೇಲೆ ನಿಂತು ನಡುವೆ ಬ್ಲಾಕಿನ ಗೋಡೆ ಬರುವಂಥದೋ, ಅಥವಾ ಈಗ ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲಿ ಸಾಮಾನ್ಯವಾಗಿರುವ ಮೈವಾನ್ ಪದ್ಧತಿಯದೋ ಎಂದು ಕೇಳು. ಮೈವಾನ್ ಪದ್ಧತಿಯಲ್ಲಿ ಅಲ್ಯೂಮಿನಿಯಂ ಅಚ್ಚುಗಳನ್ನು ನಿಲ್ಲಿಸಿ ಗೋಡೆ ಮತ್ತು ತಾರಸಿಗೆ ಒಟ್ಟಿಗೇ ಕಾಂಕ್ರೀಟ್ ಸುರಿಯುತ್ತಾರೆ; ಒಳಗಿನ ಬಹುತೇಕ ಗೋಡೆಗಳೂ ಕಬ್ಬಿಣ ಕಟ್ಟಿದ ಕಾಂಕ್ರೀಟೇ ಆಗಿದ್ದು ಕಟ್ಟಡದ ಭಾರ ಹೊರುತ್ತವೆ. ಹಾಗಿದ್ದಲ್ಲಿ ಮೂರನೆಯ ಕೋಣೆಯ ಗೋಡೆ ತೆಗೆದು ಹಾಲನ್ನು ದೊಡ್ಡದು ಮಾಡಿಕೊಳ್ಳುವ ನಿಮ್ಮ ಆಸೆಯನ್ನು ಇಲ್ಲಿಗೇ ಬಿಟ್ಟುಬಿಡಿ. ವಿದ್ಯುತ್ತಿನ ಪೈಪುಗಳನ್ನೂ ಸ್ವಿಚ್ ಬೋರ್ಡಿನ ಪೆಟ್ಟಿಗೆಗಳನ್ನೂ ಅಚ್ಚು ಮುಚ್ಚುವ ಮೊದಲೇ ಕಂಬಿಗಳಿಗೆ ಕಟ್ಟಿರುತ್ತಾರೆ; ಕಾಂಕ್ರೀಟ್ ಬಿದ್ದ ಮೇಲೆ ಗೋಡೆ ಕೊರೆದು ಹೊಸ ಪೈಪು ಹೂಳಲು ಹೋದರೆ ಕಂಬಿಗೇ ಪೆಟ್ಟು ಬೀಳುತ್ತದೆ. ಬ್ಲಾಕಿನ ಗೋಡೆಯಾದರೆ ಸಾರಣೆ ಆಗುವವರೆಗೂ ಸ್ವಲ್ಪ ಅವಕಾಶವಿರುತ್ತದೆ. ಆದ್ದರಿಂದ ಬದಲಾವಣೆಗಳನ್ನು ತಿಳಿಸಲು ಕೊನೆಯ ದಿನಾಂಕ ಯಾವುದೆಂಬುದು ಈ ಒಂದು ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ. ಏಳನೆಯ ಮಹಡಿಯಾದ್ದರಿಂದ ಕೆಳಗಿನವರಿಗಿಂತ ನಿಮಗೆ ಒಂದಿಷ್ಟು ಕಾಲಾವಕಾಶವಿದೆ ಎನ್ನುವುದು ನಿಜ, ಆದರೆ ಮೈವಾನ್ ಕೆಲಸ ಒಮ್ಮೆ ಓಟ ಹಿಡಿದರೆ ಮಹಡಿಗಳು ಬೇಗಬೇಗನೆ ಏಳುತ್ತವೆ.

ವಿದ್ಯುತ್ತಿನ ವಿಷಯದಲ್ಲಿ ಅವರ ನಕ್ಷೆಯನ್ನು ಹಾಗೆಯೇ ಒಪ್ಪಿಕೊಳ್ಳಬೇಡ. ನೀನು ಕಳುಹಿಸಿದ ಚಿತ್ರದಲ್ಲಿ ದೊಡ್ಡ ಕೋಣೆಯ ಸ್ವಿಚ್ ಬೋರ್ಡು, ನೀನೇ ಬೀರು ನಿಲ್ಲಿಸುವೆನೆಂದು ಹೇಳಿದ ಗೋಡೆಯ ಮೇಲಿದೆ. ನಾಳೆ ಬೀರುವಿನ ಹಿಂದೆ ಕೈ ತೂರಿಸಿ ದೀಪ ಹಾಕಬೇಕಾಗುತ್ತದೆ. ಮಂಚ, ಬೀರು, ಮೇಜು, ಟಿವಿ ಎಲ್ಲೆಲ್ಲಿ ಬರುತ್ತವೆ ಎಂದು ಮೊದಲು ನಿಶ್ಚಯಿಸಿ, ಆಮೇಲೆ ಬೋರ್ಡಿನ ಜಾಗ ಗುರುತಿಸಬೇಕು. ಮಂಚದ ಎರಡೂ ಬದಿಗೆ ಒಂದೊಂದು ಪಾಯಿಂಟ್, ಅಡುಗೆಮನೆಯಲ್ಲಿ ಮಿಕ್ಸಿ, ಗ್ರೈಂಡರ್, ಫ್ರಿಜ್, ನೀರಿನ ಫಿಲ್ಟರ್, ಚಿಮಣಿ ಮತ್ತು ಇಂಡಕ್ಷನ್ ಒಲೆಗೆ ಬೇರೆ ಬೇರೆ ಪಾಯಿಂಟ್, ದೇವರ ಮನೆಯೊಳಗೆ ಒಂದು, ಯುಟಿಲಿಟಿಯಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೊಂದು, ಮುಂದೆಂದಾದರೂ ಪಾತ್ರೆ ತೊಳೆಯುವ ಯಂತ್ರ ಬಂದರೆ ಅದಕ್ಕೊಂದು, ಹೀಗೆ ಬರೆಯುತ್ತ ಹೋಗು. ಗೀಸರಿಗೂ ಎಸಿಗೂ 16 ಆಂಪಿಯರಿನ ಪಾಯಿಂಟು, ಮನೆಯ ವಿದ್ಯುತ್ತನ್ನು ಕೋಣೆಗಳಿಗೆ ಹಂಚುವ ಡಿಬಿ ಪೆಟ್ಟಿಗೆಯಿಂದ ಪ್ರತ್ಯೇಕವಾಗಿ ಬರುವ 4 ಚದರ ಮಿಲಿಮೀಟರ್ ತಂತಿ ಇದೆಯೇ ಎಂದು ನೋಡು. ಮನೆಗೆ ಮಂಜೂರಾಗುವ ವಿದ್ಯುತ್ ಹೊರೆ ಎಷ್ಟು ಕಿಲೋವ್ಯಾಟ್ ಎಂಬುದನ್ನೂ ಕೇಳಬೇಕು. ಒಂದು ಗೀಸರ್ 2 ರಿಂದ 3 ಕಿಲೋವ್ಯಾಟ್ ಎಳೆಯುತ್ತದೆ, ಇಂಡಕ್ಷನ್ ಒಲೆ 2 ಕಿಲೋವ್ಯಾಟಿನಷ್ಟು ಎಳೆಯುತ್ತದೆ. ಬೆಳಗಿನ ಹೊತ್ತು ಎರಡು ಗೀಸರ್ ಮತ್ತು ಒಲೆ ಒಟ್ಟಿಗೆ ನಡೆದರೆ 5 ಕಿಲೋವ್ಯಾಟ್ ಎಲ್ಲಿಗೂ ಸಾಲದು. ಈಗ ಬೇಡವೆಂದು ತೋರುವ ಕಡೆಗಳಿಗೂ ತಂತಿಯಿಲ್ಲದ ಖಾಲಿ ಪೈಪುಗಳನ್ನು ಹಾಕಿಸಿಡು. ಅವಕ್ಕೆ ಖರ್ಚು ತೀರ ಕಡಿಮೆ, ಆದರೆ ದರ್ಜಿ ರವಿಕೆಯ ಒಳಗೆ ಮಡಚಿ ಬಿಟ್ಟ ಬಟ್ಟೆಯಂತೆ ಬೇಕೆನಿಸಿದ ದಿನ ಒದಗುತ್ತವೆ. ಕಾರು ನಿಲ್ಲಿಸುವ ಜಾಗದಲ್ಲಿ ವಿದ್ಯುತ್ ಕಾರಿಗೆ ಚಾರ್ಜ್ ಮಾಡುವ ವ್ಯವಸ್ಥೆಯನ್ನೂ ಈಗಲೇ ಕೇಳು. ಮೀಟರ್ ಕೋಣೆಯಿಂದ ನಿಮ್ಮ ಜಾಗದವರೆಗೆ ಆಮೇಲೆ ತಂತಿ ಎಳೆಯಬೇಕಾದರೆ ಮನೆಮಾಲೀಕರ ಸಂಘದವರೆಲ್ಲರ ಒಪ್ಪಿಗೆಗಾಗಿ ಅಲೆಯಬೇಕಾಗುತ್ತದೆ.

ಇನ್ನು ಬಚ್ಚಲುಮನೆಯ ವಿಷಯ. ಅದರ ನೆಲದ ಸ್ಲ್ಯಾಬನ್ನು ಉಳಿದ ಮನೆಗಿಂತ ಹೆಚ್ಚುಕಡಿಮೆ ಒಂದು ಅಡಿಯಷ್ಟು ತಗ್ಗಿಸಿ ಹಾಕುತ್ತಾರೆ, ಅದಕ್ಕೆ ಸಂಕನ್ ಸ್ಲ್ಯಾಬ್ ಎನ್ನುತ್ತಾರೆ. ಆ ತಗ್ಗಿನಲ್ಲಿ ಪೈಪುಗಳನ್ನು ಇಳಿಜಾರಾಗಿ ಕೂರಿಸಿ, ನೀರು ಇಳಿಯದಂತೆ ಲೇಪನ ಕೊಟ್ಟು, ಮೇಲೆ ತುಂಬಿ ಟೈಲ್ಸ್ ಹಾಕುತ್ತಾರೆ. ಕಮೋಡಿನ ನಾಲ್ಕು ಇಂಚಿನ ಪೈಪು, ಎಲ್ಲ ಮಹಡಿಗಳ ಕೊಳಾಯಿಗಳು ಇಳಿಯುವ ಹೊರಗಿನ ಶಾಫ್ಟಿಗೆ ಹತ್ತಿರವಿದ್ದಷ್ಟೂ ಕ್ಷೇಮ, ಹಾಗಾಗಿ ಅದರ ಜಾಗ ಬದಲಿಸುವ ಯೋಚನೆ ಮಾಡಬೇಡ. ಲೇಪನ ಮುಗಿದ ಮೇಲೆ ನೀರು ಕಟ್ಟಿ ನಿಲ್ಲಿಸಿ ಪರೀಕ್ಷೆ ಮಾಡುತ್ತಾರಲ್ಲ, ಆ ದಿನ ನಿಮಗೆ ತಿಳಿಸಬೇಕೆಂದು ಕೇಳಿಕೊಂಡು, ಕೆಳಗಿನ ಮನೆಯ ಸೂರನ್ನು ನೀನೇ ಹೋಗಿ ನೋಡಿ ಬಾ.

ನಿನ್ನ ಅತ್ತೆಯವರ ಮೊಣಕಾಲಿನ ತೊಂದರೆಯನ್ನು ನೆನೆದರೆ, ಅವರ ಕೋಣೆಗೆ ಸೇರಿದ ಬಚ್ಚಲಿಗಾಗಿ ನಾಲ್ಕು ಮಾತು ಹೆಚ್ಚಾಗಿಯೇ ಹೇಳಬೇಕೆನಿಸುತ್ತದೆ. ನಕ್ಷೆಯಲ್ಲಿ ಆ ಬಾಗಿಲು ಎರಡೂವರೆ ಅಡಿ ಎಂದಿದೆ. ಚೌಕಟ್ಟು, ಕದಗಳ ದಪ್ಪ ಕಳೆದರೆ ಉಳಿಯುವ ಜಾಗದಲ್ಲಿ ಗಾಲಿಕುರ್ಚಿ ಹೋಗುವುದು ಕಷ್ಟ, ಕೈ ಹಿಡಿದು ನಡೆಸುವವರು ಜೊತೆಗೆ ಹೋಗುವುದಂತೂ ಆಗದು. ಮೂರು ಅಡಿಯ ಬಾಗಿಲು, ಅದೂ ಹೊರಕ್ಕೆ ತೆರೆಯುವಂಥದು ಬೇಕೆಂದು ಕೇಳು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಕಮೋಡಿನ ಪಕ್ಕಕ್ಕೂ ಸ್ನಾನದ ಜಾಗಕ್ಕೂ ಹಿಡಿದುಕೊಳ್ಳುವ ಕಂಬಿ ಬರುವ ಎಡೆಯನ್ನು ಈಗಲೇ ಗುರುತಿಸು. ಹಗುರ ಬ್ಲಾಕಿನ ಗೋಡೆಯಾದರೆ ಅಲ್ಲಿ ಮಾತ್ರ ಕಾಂಕ್ರೀಟ್ ಸೇರಿಸಿ ಕಟ್ಟಿಸಬೇಕು, ಇಲ್ಲವಾದರೆ ಮೊಳೆ ಮನುಷ್ಯರ ಭಾರ ತಡೆಯುವುದಿಲ್ಲ. ಗೋಡೆಗೆ ತೂಗುವ ಕಮೋಡಾದರೆ ಅದನ್ನು ಎರಡು ಇಂಚು ಎತ್ತರಿಸಿ ಕೂರಿಸುವಂತೆ ಹೇಳು. ನೆಲಕ್ಕೆ ಒರಟು ಟೈಲ್ಸು ಹಾಕಿಸು, ಹೊಳೆಯುವ ಟೈಲ್ಸು ಎಷ್ಟೇ ಚೆನ್ನಾಗಿ ಕಂಡರೂ ಅಲ್ಲಿಗೆ ಬೇಡ.

ಅಡುಗೆಮನೆಯನ್ನು ಆಗ್ನೇಯಕ್ಕೆ ಬರುವಂತೆ ತಿರುಗಿಸಬೇಕೆಂದು ನಿನ್ನ ಮಾವನವರು ಹೇಳಿದರೆಂದು ಬರೆದಿದ್ದೆ. ಹಿರಿಯರ ಮಾತನ್ನು ತಳ್ಳಿಹಾಕುವುದು ಬೇಡ. ಕಟ್ಟೆಯನ್ನು ಎಲ್ ಆಕಾರಕ್ಕೆ ತಂದು, ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡುವಂತೆ ಒಲೆಯ ಜಾಗ ಬದಲಿಸುವುದು ಸುಲಭದ ಕೆಲಸ. ಗ್ಯಾಸಿನ ಪೈಪಿನ ಜಾಗವನ್ನು ಮಾತ್ರ ಜೊತೆಗೇ ಸರಿಪಡಿಸಬೇಕು. ಇಡೀ ಅಡುಗೆಮನೆಯನ್ನೇ ಮತ್ತೊಂದು ಮೂಲೆಗೆ ಒಯ್ಯುವುದು ಬೇರೆ ಮಾತು. ಮೇಲೆ ಕೆಳಗೆ ಇರುವ ಮನೆಗಳ ಅಡುಗೆಮನೆಗಳೆಲ್ಲ ಒಂದೇ ಶಾಫ್ಟಿಗೆ ನೀರು ಬಿಡುವಾಗ, ನಿಮ್ಮದೊಂದೇ ದೂರ ಹೋದರೆ ಸಿಂಕಿನ ನೀರಿಗೆ ಬೇಕಾದ ಇಳಿಜಾರು ಸಿಗದೆ ಪದೇಪದೇ ಕಟ್ಟಿಕೊಳ್ಳುತ್ತದೆ. ಇದನ್ನು ಮಾವನವರಿಗೆ ನಕ್ಷೆ ತೋರಿಸಿ ವಿವರಿಸಿದರೆ ಅವರು ಖಂಡಿತ ಒಪ್ಪುತ್ತಾರೆ. ಕಟ್ಟೆಯ ಎತ್ತರವನ್ನು ದಿನವೂ ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿರುವಂತೆ ಇಡಿಸು. ದೋಸೆ ಹೆಂಚೂ ದೊಡ್ಡ ಕುಕ್ಕರೂ ಸಲೀಸಾಗಿ ಮುಳುಗುವಷ್ಟು ಅಗಲದ ಸಿಂಕ್ ಕೇಳು. ಅವರ ಪಟ್ಟಿಯಲ್ಲಿರುವುದು ಲೋಟ ತೊಳೆಯುವುದಕ್ಕಷ್ಟೇ ಸಾಕು.

ಕಾನೂನಿನ ಒಂದು ಅಂಶವನ್ನು ಬಿಡುವಂತಿಲ್ಲ. ಮನೆ ಕೊಳ್ಳುವವರ ರಕ್ಷಣೆಗಾಗಿ ಇರುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯ, ಅಂದರೆ ರೇರಾ ಕಾಯ್ದೆಯ, 14ನೆಯ ಸೆಕ್ಷನ್ ಪ್ರಕಾರ, ಮಂಜೂರಾದ ನಕ್ಷೆಯಲ್ಲಾಗಲಿ ಒಪ್ಪಿಕೊಂಡ ಸಾಮಗ್ರಿಗಳಲ್ಲಾಗಲಿ ನಿಮ್ಮ ಒಪ್ಪಿಗೆಯಿಲ್ಲದೆ ಬಿಲ್ಡರ್ ಬದಲಾವಣೆ ಮಾಡುವಂತಿಲ್ಲ. ಕೊಳ್ಳುವವರು ಕೇಳಿದ ಸಣ್ಣಪುಟ್ಟ ಬದಲಾವಣೆಗಳನ್ನು ಮಾಡಿಕೊಡಲು ಅವಕಾಶವಿದೆ. ಆದರೆ ಗೋಡೆ ಕಟ್ಟುವುದು, ತೆಗೆಯುವುದು, ಕೊರೆಯುವುದು ಈ ಸಣ್ಣಪುಟ್ಟ ಬದಲಾವಣೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ಅದೇ ಸೆಕ್ಷನ್ನಿನ ವಿವರಣೆ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಬ್ಲಾಕಿನ ಗೋಡೆಯೇ ಆಗಿದ್ದು, ಹಾಲನ್ನು ದೊಡ್ಡದು ಮಾಡಿಕೊಡುತ್ತೇವೆಂದು ಅವರು ಒಪ್ಪಿದರೂ ಬಾಯಿಮಾತಿಗೆ ಒಪ್ಪಬೇಡ. ಮಂಜೂರಾದ ನಕ್ಷೆಗೆ ತಿದ್ದುಪಡಿ ಬೇಕೇ ಬೇಡವೇ ಎಂಬುದನ್ನು ಅವರ ವಾಸ್ತುಶಿಲ್ಪಿ ಮತ್ತು ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಮಾಡಿ ಬರೆದುಕೊಡಲಿ. ಮಂಜೂರಾದ ನಕ್ಷೆ ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆಯ ಕೆಳಗೆ ಇರುತ್ತದೆ. ಅವರು ಕೊಟ್ಟ ಬಣ್ಣದ ಹೊತ್ತಗೆಯೊಂದಿಗೆ ಹೋಲಿಸಿ ನೋಡು. ಮನೆ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಾಣಿಸಿದ ಕಟ್ಟಡದ ದೋಷಗಳನ್ನು ಅವರು 30 ದಿನಗಳಲ್ಲಿ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕೆಂಬುದೂ ಇದೇ ಸೆಕ್ಷನ್ನಿನಲ್ಲಿದೆ. ಈ ಕಾರಣಕ್ಕಾಗಿಯೇ ನೀರು, ವಿದ್ಯುತ್ತು, ಗೋಡೆಗಳ ಕೆಲಸವನ್ನು ಬಿಲ್ಡರ್ ಕೈಯಿಂದಲೇ ಮಾಡಿಸಬೇಕೆಂಬುದು ನನ್ನ ಅಭಿಪ್ರಾಯ. ಹೊರಗಿನವರನ್ನು ಕರೆಸಿ ಬಚ್ಚಲು ಒಡೆಸಿದರೆ, ಆಮೇಲೆ ನೀರು ಸೋರಿದಾಗ ಅವರು ಇವರನ್ನೂ ಇವರು ಅವರನ್ನೂ ತೋರಿಸುತ್ತಾರೆ. ಮರಗೆಲಸ ಮಾತ್ರ ಬಿಲ್ಡರ್ ಕಡೆಯವರಿಂದ ಬೇಡ, ಹೊರಗಿನ ಬಡಗಿಗಳು ಇನ್ನೂ ಅಚ್ಚುಕಟ್ಟಾಗಿಯೂ ಅಗ್ಗವಾಗಿಯೂ ಮಾಡುತ್ತಾರೆ.

ಹಣದ ಬಗ್ಗೆ ಅಳಿಯಂದಿರು ನನಗಿಂತ ಚೆನ್ನಾಗಿ ಬಲ್ಲರು, ಆದ್ದರಿಂದ ಚುಟುಕಾಗಿ ಬರೆಯುತ್ತೇನೆ. ಕ್ರಯದ ಕರಾರು ನೋಂದಣಿಯಾಗುವ ಮೊದಲು ಮನೆಯ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕಟ್ಟುತ್ತಿರುವ ಮನೆಗೆ ಶೇಕಡಾ 5 ಜಿಎಸ್‌ಟಿ ಕಟ್ಟಬೇಕು, ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ಮೇಲೆ ಮಾರುವ ಮನೆಗೆ ಅದಿಲ್ಲ. ನಿಮ್ಮಿಷ್ಟದಂತೆ ಕಟ್ಟಿಸಿಕೊಳ್ಳುವುದಕ್ಕೆ ತೆರುವ ಬೆಲೆಯಲ್ಲಿ ಇದೂ ಸೇರಿತೆಂದು ತಿಳಿ. ಬ್ಯಾಂಕಿನವರು ಸಾಮಾನ್ಯವಾಗಿ ಕರಾರಿನಲ್ಲಿರುವ ಬೆಲೆಯನ್ನು ನೋಡಿ ಸಾಲ ಕೊಡುವುದರಿಂದ, ಬದಲಾವಣೆಗಳ ಖರ್ಚು ಅದರ ಹೊರಗುಳಿದರೆ ಕೈಯಿಂದಲೇ ಹಾಕಬೇಕಾದೀತು. ಬೇಡವೆಂದು ಬಿಟ್ಟ ಸಾಮಗ್ರಿಗೆ ಎಷ್ಟು ಕಳೆಯುತ್ತಾರೆ ಎಂದು ಕೇಳಲು ಸಂಕೋಚ ಬೇಡ. ಅವರ ಟೈಲ್ಸು ಬೇಡವೆಂದಾಗ ಕಳೆಯುವ ಮೊತ್ತ ಬಹಳ ಚಿಕ್ಕದು, ಬೇರೆಯದನ್ನು ಹಾಕಲು ಕೇಳುವ ಮೊತ್ತ ಬಹಳ ದೊಡ್ಡದು. ಅಲ್ಲೇ ಅವರ ಲಾಭವಿರುವುದು. ಅದಕ್ಕೇ, ಅವರು ಕೊಡುವ ಸಾದಾ ಟೈಲ್ಸನ್ನೇ ಹಾಕಿಸಿಕೊಂಡು, ಉಳಿದ ಹಣವನ್ನು ಮೇಲೆ ಹೇಳಿದ ಕೆಲಸಗಳಿಗೆ ಇಟ್ಟರೆ ಚೆನ್ನ.

ಒಪ್ಪಿದ ಪ್ರತಿಯೊಂದು ಬದಲಾವಣೆಯನ್ನೂ ಅಳತೆಸಮೇತ ನಕ್ಷೆಯಲ್ಲಿ ಗುರುತಿಸಿ, ನಕ್ಷೆಗೆ ದಿನಾಂಕ ಹಾಕಿ, ಎರಡೂ ಕಡೆಯವರು ಸಹಿ ಮಾಡಿ ಕರಾರಿನ ಅನುಬಂಧವಾಗಿ ಸೇರಿಸಬೇಕು. ವಾಟ್ಸ್ಆ್ಯಪಿನಲ್ಲಿ ಬಂದ ‘ಆಯ್ತು ಮೇಡಂ’ ಎಂಬ ಉತ್ತರವನ್ನು ನಂಬಿ ಕೂರಬೇಡ. ಅದನ್ನು ಕಳುಹಿಸಿದ ಹುಡುಗ ಗೋಡೆ ಏಳುವ ಹೊತ್ತಿಗೆ ಬೇರೆ ಕಂಪನಿ ಸೇರಿರುತ್ತಾನೆ. ಈ ಬದಲಾವಣೆಗಳಿಂದ ಮನೆ ಒಪ್ಪಿಸುವ ದಿನಾಂಕ ಮುಂದೆ ಹೋಗುವುದಿಲ್ಲ ಎಂಬ ಸಾಲನ್ನೂ ಅದರಲ್ಲಿ ಬರೆಸು. ತಡವಾದರೆ ಬಡ್ಡಿ ಕೊಡಬೇಕೆಂದು ಕಾಯ್ದೆಯಲ್ಲಿದ್ದರೂ, ನಿಮ್ಮ ಬದಲಾವಣೆಗಳಿಂದಲೇ ತಡವಾಯಿತೆಂದು ಹೇಳಿ ತಪ್ಪಿಸಿಕೊಳ್ಳಲು ಅವರಿಗೆ ದಾರಿ ಸಿಗಬಾರದು. ಪೈಪುಗಳನ್ನು ಕಟ್ಟಿ ಮುಗಿಸಿದ ದಿನ, ಕಾಂಕ್ರೀಟ್ ಸುರಿಯುವ ಮೊದಲು, ಪ್ರತಿ ಗೋಡೆಯ ಪಕ್ಕದಲ್ಲಿ ಅಳತೆಯ ಟೇಪು ಹಿಡಿದು ಚಿತ್ರ ತೆಗೆಸಿಟ್ಟುಕೊಳ್ಳಿ. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ ಆ ಚಿತ್ರಗಳ ಬೆಲೆ ಗೊತ್ತಾಗುತ್ತದೆ.

ಅವರ ಮಾದರಿ ಮನೆಯನ್ನು ನೋಡಿ ಕೋಣೆಗಳು ದೊಡ್ಡದಾಗಿವೆ ಎಂದು ಅಳಿಯಂದಿರು ಹೇಳಿದರಂತೆ. ಇಂಥ ಮನೆಗಳಲ್ಲಿ ಹಲವು ಕಡೆ ಒಳಬಾಗಿಲುಗಳೇ ಇರುವುದಿಲ್ಲ, ಗೋಡೆಗೆ ಕನ್ನಡಿ ಹಾಕಿರುತ್ತಾರೆ, ಮಂಚವೂ ನಾವು ಮಲಗುವುದಕ್ಕಿಂತ ಗಿಡ್ಡವಾಗಿರುತ್ತದೆ. ಈ ಭಾನುವಾರ ನಿಮ್ಮ ಬಾಡಿಗೆ ಮನೆಯ ತಾರಸಿಯ ಮೇಲೆ, ಅತ್ತೆಯವರ ಕೋಣೆಯನ್ನೂ ಅಡುಗೆಮನೆಯನ್ನೂ ಅವುಗಳ ನಿಜವಾದ ಅಳತೆಗೆ ರಂಗೋಲಿ ಪುಡಿಯಿಂದ ಎಳೆದು, ಒಳಗೆ ಮಂಚ, ಬೀರು, ಫ್ರಿಜ್ಜುಗಳ ಗೆರೆಗಳನ್ನೂ ಹಾಕಿ ನಡೆದಾಡಿ ನೋಡಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ ಅವರ ಕೋಲು ಎಲ್ಲಿ ತಡೆಯುತ್ತದೆಂದು ಕೇಳಿ.

ಆ ಬಳಿಕ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ಅಳತೆಗೆ ಸರಿಯಾಗಿ ಮುದ್ರಿಸಿ ಕೊರಿಯರಿನಲ್ಲಿ ಕಳುಹಿಸು. ಫೋನಿನಲ್ಲಿ ತೆಗೆದ ಚಿತ್ರದಲ್ಲಿ ಅಳತೆಪಟ್ಟಿ ಇಟ್ಟು ನೋಡಲಾಗುವುದಿಲ್ಲ. ವಿದ್ಯುತ್ತಿನದೂ ಕೊಳಾಯಿಯದೂ ಬೇರೆ ಬೇರೆ ಹಾಳೆಗಳಿರುತ್ತವೆ, ಎರಡನ್ನೂ ಕೇಳಿ ತೆಗೆದುಕೋ. ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾರದೊಳಗೆ ವಾಪಸು ಕಳುಹಿಸುತ್ತೇನೆ. ಅಲ್ಲಿಯವರೆಗೆ ಕರಾರಿಗೆ ಸಹಿ ಹಾಕಬೇಡಿ. ಅತ್ತೆ ಮಾವನವರಿಗೆ ನಮ್ಮ ನಮಸ್ಕಾರಗಳನ್ನು ತಿಳಿಸು.

ಇಂತಿ ನಿನ್ನ ಪ್ರೀತಿಯ
ಅಮ್ಮ