ಸೂರ್ಯ ಬರೆಯಲು ಎರಡು ದಿನ

ಪ್ರಿಯ ಗೆಳೆಯಾ,

ಕಣ್ಣಿನ ಆಪರೇಷನ್ ಆದ ಮೇಲೆ ಸಣ್ಣ ಅಕ್ಷರ ಓದೋದೂ ಕಷ್ಟ, ಪತ್ರ ಬರೆಯೋದೂ ಕಷ್ಟ ಅಂತ ನೀನು ಫೋನಲ್ಲಿ ಹೇಳಿದೆಯಲ್ಲ. ಅವತ್ತಿನಿಂದ ಅದೇ ಮನಸ್ಸಲ್ಲಿ ಕೂತಿದೆ. ಅದಕ್ಕೇ ಈ ಪತ್ರ. ಇದನ್ನು ಬರೆದದ್ದು ಹೊಸ ಟ್ಯಾಬ್‌ನಲ್ಲಿ. ದೀಪಾವಳಿಗೆ ಬಂದಾಗ ಮಗಳು ತಂದುಕೊಟ್ಟಳು, ಹತ್ತು ಇಂಚಿನದು.

ಮೊದಲ ವಾರ ಅದು ನನ್ನ ಬೆರಳನ್ನು ಗುರುತಿಸಲೇ ಇಲ್ಲ. ನಲವತ್ತು ವರ್ಷ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದ ಕೈ, ನಿನಗೆ ಗೊತ್ತಲ್ಲ. ತುದಿಯೆಲ್ಲ ಜಡ್ಡುಗಟ್ಟಿದೆ. ಗಟ್ಟಿಯಾಗಿ ಒತ್ತಿದೆ, ಉಗುರಲ್ಲಿ ಕುಟ್ಟಿದೆ. ಏನೂ ಆಗಲಿಲ್ಲ. ಮೊಮ್ಮಗಳು ಕಾರಣ ಬಿಡಿಸಿ ಹೇಳಿದಳು. ಈ ಗಾಜಿಗೆ ಒತ್ತಡದ ಲೆಕ್ಕವೇ ಇಲ್ಲ. ಚರ್ಮ ತಾಗಿದಾಗ ಆಗುವ ಸಣ್ಣ ವಿದ್ಯುತ್ ವ್ಯತ್ಯಾಸವನ್ನು ಅದು ಹಿಡಿಯುತ್ತದೆ. ಚರ್ಮ ಒಣಗಿ ದಪ್ಪಗಿದ್ದರೆ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಈಗ ಕೂರುವ ಮುಂಚೆ ಒದ್ದೆ ಬಟ್ಟೆಗೆ ಬೆರಳು ಒರೆಸಿಕೊಳ್ಳುತ್ತೇನೆ. ಬೆರಳಿನ ಮೆತ್ತಗಿನ ಭಾಗದಿಂದ ಸುಮ್ನೆ ಮುಟ್ಟುತ್ತೇನೆ. ಅಷ್ಟೇ ಸಾಕು.

ನಿಧಾನಕ್ಕೆ ಮುಟ್ಟಿದರೆ ಅದನ್ನು ಒತ್ತಿ ಹಿಡಿದ ಹಾಗೆ ಅಂದುಕೊಂಡು ಬೇರೇನೋ ತೆರೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಕಾಯುವ ಹೊತ್ತನ್ನು ಜಾಸ್ತಿ ಮಾಡಬಹುದು. ನೀನು ಟ್ಯಾಬ್ ತರಿಸಿಕೊಂಡರೆ ಅದಕ್ಕೂ ಮೊದಲೇ ಮಾಡಿಸಿಕೋ.

ಆಮೇಲೆ ಕನ್ನಡ ಬರೆಯುವ ಕೆಲಸ. ಅಕ್ಕ ಅಂತ ಬರೆಯೋಕೆ ಅ, ಕ, ಅರ್ಧಾಕ್ಷರದ ಗುರುತು, ಮತ್ತೆ ಕ. ಇದು ಬೇಗ ಬಂತು. ಆದರೆ ಸೂರ್ಯ ಎರಡು ದಿನ ಕಾಡಿತು. ಕೈಯಲ್ಲಿ ಬರೆಯುವಾಗ ಮೊದಲು ಯ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ, ಅಲ್ವಾ? ಹಾಗೇ ಒತ್ತಿದೆ. ಪ್ರತಿ ಸಲ ಸೂಯ್ರ ಅಂತಲೇ ಬಂತು. ಎರಡನೇ ದಿನ ಸಂಜೆ ಜಗಲಿಯಲ್ಲಿ ಕೂತು, ಆ ಪದವನ್ನು ಬಾಯಿಬಿಟ್ಟು ನಿಧಾನವಾಗಿ ಹೇಳಿಕೊಂಡೆ. ಸೂ... ರ್... ಯ. ರ ಮೊದಲು! ರ ಒತ್ತಿ, ಅರ್ಧಾಕ್ಷರದ ಗುರುತು ಹಾಕಿ, ಯ ಒತ್ತಿದೆ. ಅರ್ಕಾವತ್ತು ತಾನೇ ಹಾರಿ ಯ ಪಕ್ಕ ಕೂತಿತು. ಎಷ್ಟು ಖುಷಿಯಾಯಿತು ಗೊತ್ತಾ! ಕೈ ಬರೆಯುವ ಕ್ರಮ ಬಿಟ್ಟು ಬಾಯಿ ಹೇಳುವ ಕ್ರಮ ಹಿಡಿಯಬೇಕು. ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತಗಳ ಪಟ್ಟಿ, ಅದರಲ್ಲಿ ಕನ್ನಡ ಅಕ್ಷರಗಳನ್ನು ಜೋಡಿಸುವುದೇ ಹಾಗೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅದರಿಂದಲೇ ನಾನು ಇಲ್ಲಿ ಬರೆದದ್ದು ನಿನ್ನ ಮನೆಯಲ್ಲೂ ಕೆಡದೆ ಕಾಣುತ್ತದೆ. ಹಿಂದೆ ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದಕ್ಕೆ ಹೋದರೆ ಬರೀ ಗೀಟು, ಚುಕ್ಕಿ ಆಗುತ್ತಿದ್ದದ್ದು ನೆನಪಿದೆಯಾ?

ನಿನಗೆ ಇಷ್ಟವಾಗುವ ಸುದ್ದಿ ಇನ್ನೊಂದಿದೆ. ಲೈಬ್ರರಿಯಲ್ಲಿ ನಾವಿಬ್ಬರೂ ಸೇರಿ ಮೇಜಿನ ಮೇಲೆ ಎತ್ತಿಡುತ್ತಿದ್ದ ಕಿಟೆಲ್ ನಿಘಂಟು, 1894ರ ಆ ಅಚ್ಚಿನ ಪುಟಗಳೇ ಇಂಟರ್ನೆಟ್ ಆರ್ಕೈವ್ ಅನ್ನೋ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಎರಡು ಬೆರಳು ಇಟ್ಟು ಅಗಲಿಸಿದರೆ ಒಂದೊಂದು ಪದವೂ ಹೆಬ್ಬೆರಳಿನಷ್ಟು ದೊಡ್ಡದಾಗುತ್ತದೆ. ನಿನ್ನ ಕಣ್ಣಿಗೆ ಅದು ಖಂಡಿತ ಕಾಣುತ್ತದೆ ಅನ್ನಿಸಿ, ನಿನ್ನೆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಮಗನಿಗೆ ಹೇಳಿ ಇಂಥ ಟ್ಯಾಬ್ ಒಂದು ತರಿಸಿಕೊಳ್ಳೋ. ಉದ್ದದ ಉತ್ತರ ಬೇಡ. ಸೂರ್ಯ ಅಂತ ಒಂದೇ ಪದ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ