ಕೊನೆ ಕೈಕೊಟ್ಟ ಮಾತ್ರಕ್ಕೆ ಕಾದಂಬರಿ ಬಿಸಾಕ್ಬೇಡ

ಪ್ರೀತಿಯ ಹುಡುಗಿ,

ನಿನ್ನ ಕಾದಂಬರಿ ಫೈಲು ಓದಿ ಮುಗಿಸ್ದೆ, ಅದ್ರ ಜೊತೆ ಕಳಿಸಿದ್ದ ಮೆಸೇಜೂ ಓದ್ದೆ. ಫ್ರೆಂಡ್ಸೆಲ್ಲ ಕೊನೆ ಚೆನ್ನಾಗಿಲ್ಲ ಅಂದ್ರು, ಪೂರ್ತಿ ಡಿಲೀಟ್ ಮಾಡ್ಬಿಡ್ತೀನಿ ಅಂತ ಬರ್ದಿದ್ದೀಯಲ್ಲ, ಅದಕ್ಕೆ ಬೈಯಕ್ಕೇ ಈ ಪತ್ರ. ಅಧ್ಯಾಯ ಎಷ್ಟಿರ್ಬೇಕು, ಯಾವ ಪ್ರಕಾಶಕರಿಗೆ ಕಳಿಸ್ಬೇಕು ಅಂತೆಲ್ಲ ಕೇಳಿದ್ದೀಯ, ಅದನ್ನೆಲ್ಲ ಹೇಳಿಕೊಡೋರು ಬೇಕಾದಷ್ಟು ಜನ ಇದಾರೆ.

ಕೊನೆ ಚೆನ್ನಾಗಿಲ್ಲ ಅನ್ನೋದು ನಿಜ. ಆದ್ರೆ ನಿನ್ನ ನಾಯಕಿ ಗಿರಿಜೆ ರೇಷನ್ ಕಾರ್ಡಿಂದ ತನ್ನ ಹೆಸರು ತೆಗೆಸಕ್ಕೆ ಹೋಗ್ತಾಳಲ್ಲ, ಕೌಂಟರ್ ಹತ್ರ ಬಂದಾಗ ಹಿಂದಿದ್ದ ಅಜ್ಜಿಗೆ ಜಾಗ ಬಿಟ್ಟು ಮತ್ತೆ ಕ್ಯೂನ ತುದಿಗೆ ಹೋಗಿ ನಿಂತ್ಕೋತಾಳಲ್ಲ, ಆ ಪುಟ ಓದಿ ಕೂತಲ್ಲಿ ಕೂರಕ್ಕಾಗ್ದೆ ಎದ್ದು ಓಡಾಡ್ದೆ ಕಣಮ್ಮ. ಅಂಥ ಪುಟ ಬರೆದೋಳು ಡಿಲೀಟ್ ಬಟನ್ ಕಡೆ ನೋಡ್ಬಾರ್ದು.

ಅಮೆರಿಕದ ಮಾರ್ಕ್ ಟ್ವೈನ್ ಬರೆದ ಹಕಲ್‌ಬೆರಿ ಫಿನ್ ಓದಿದ್ದೀಯಾ? ನಾನು ಜೀವಮಾನವಿಡೀ ಪ್ರೀತಿಸಿದ ಕಾದಂಬರಿ ಅದು, ಅದ್ರ ಕೊನೆ ಮೇಲೆ ನನಗಿರೋ ಸಿಟ್ಟು ಇವತ್ತಿಗೂ ಇಳಿದಿಲ್ಲ. ಯಜಮಾನಿ ಮಿಸ್ ವಾಟ್ಸನ್ ತನ್ನನ್ನ 800 ಡಾಲರ್‌ಗೆ ಮಾರ್ತಾಳೆ ಅಂತ ಗೊತ್ತಾಗಿ ಗುಲಾಮ ಜಿಮ್ ಓಡ್ಹೋಗ್ತಾನೆ, ಕುಡುಕ ಅಪ್ಪನಿಂದ ತಪ್ಪಿಸ್ಕೊಂಡ ಹುಡುಗ ಹಕ್ ಅವನ ಜೊತೆ ಮಿಸಿಸಿಪ್ಪಿ ನದಿಯಲ್ಲಿ ತೆಪ್ಪ ಹತ್ತುತ್ತಾನೆ. ಕೈರೋ ಅನ್ನೋ ಊರಲ್ಲಿ ಇಳಿದು ಓಹಿಯೋ ನದಿ ಹಿಡಿದು ಗುಲಾಮಗಿರಿ ಇಲ್ಲದ ರಾಜ್ಯಗಳಿಗೆ ಹೋಗೋದು ಪ್ಲಾನು, ಆದ್ರೆ ರಾತ್ರಿ ಮಂಜಿನಲ್ಲಿ ಕೈರೋ ದಾಟೇಹೋಗುತ್ತೆ, ಅಲ್ಲಿಂದ ನದಿ ಅವರನ್ನ ಇನ್ನೂ ದಕ್ಷಿಣಕ್ಕೆ, ಅಂದ್ರೆ ಜಿಮ್‌ಗೆ ಇನ್ನೂ ಅಪಾಯದ ಕಡೆಗೇ ಒಯ್ಯುತ್ತೆ. ಟ್ವೈನ್ ಅದನ್ನ 1876ರಲ್ಲಿ ಶುರು ಮಾಡಿ, ನಡುವೆ ವರ್ಷಗಟ್ಟಲೆ ಪಕ್ಕಕ್ಕಿಟ್ಟು, 1883ರಲ್ಲಿ ಮುಗಿಸಿದ್ದು. ಕತೆ ಅಂಥಾ ಕಡೆ ಹೋಗಿ ನಿಂತಿತ್ತು ನೋಡು, ಮುಂದಕ್ಕೆ ಪ್ರಾಮಾಣಿಕವಾದ ದಾರಿ ಹುಡುಕೋದು ಸುಲಭ ಇರ್ಲಿಲ್ಲ.

31ನೇ ಅಧ್ಯಾಯದಲ್ಲಿ ಇಬ್ಬರು ಠಕ್ಕರು ಜಿಮ್‌ನ 40 ಡಾಲರ್‌ಗೆ ಮಾರಿರ್ತಾರೆ. ಜಿಮ್ ಇಲ್ಲಿದಾನೆ ಅಂತ ಯಜಮಾನಿಗೆ ಹಕ್ ಕಾಗದ ಬರೀತಾನೆ, ಹಾಗೆ ತಿಳಿಸೋದೇ ಧರ್ಮ ಅಂತ ಊರು ಅವನಿಗೆ ಕಲಿಸಿರುತ್ತೆ. ಆಮೇಲೆ ತೆಪ್ಪದ ಮೇಲಿನ ದಿನಗಳು ನೆನಪಾಗಿ, ಸರಿ ಹಾಗಾದ್ರೆ ನರಕಕ್ಕೇ ಹೋಗ್ತೀನಿ ಅಂತ ಕಾಗದ ಹರಿದು ಹಾಕ್ತಾನೆ. ಇಷ್ಟು ದೊಡ್ಡದನ್ನ ಬರೆದ ಮನುಷ್ಯ ಅದಾದ ತಕ್ಷಣ ಹಕ್‌ನ ಗೆಳೆಯ ಟಾಮ್ ಸಾಯರ್‌ನ ಕರ್ಕೊಂಡು ಬರ್ತಾನಲ್ಲ, ಯಾಕೆ ಸ್ವಾಮಿ ಅಂತ ಕೇಳ್ಬೇಕನ್ಸುತ್ತೆ! ಜಿಮ್‌ನ ಒಂದು ಕೋಣೆಯಲ್ಲಿ ಕೂಡಿಹಾಕಿ ಮಂಚದ ಕಾಲಿಗೆ ಸರಪಳಿಯಿಂದ ಕಟ್ಟಿರ್ತಾರೆ, ಮಂಚ ಎತ್ತಿದ್ರೆ ಸರಪಳಿ ಕಳಚಿ ಬರುತ್ತೆ, ಆದ್ರೂ ಟಾಮ್ ಪುಸ್ತಕದಲ್ಲಿ ಓದಿದ ಥರಾನೇ ಪಾರಾಗ್ಬೇಕು ಅಂತ ಇಲಿ, ಹಾವು, ಜೇಡ ಎಲ್ಲ ತಂದು ಆ ಕೋಣೆಗೆ ಬಿಡ್ತಾನೆ. ಕೊನೆಗೆ ನೋಡಿದ್ರೆ ಮಿಸ್ ವಾಟ್ಸನ್ ಎರಡು ತಿಂಗಳ ಹಿಂದೇನೇ ಸತ್ತು, ಉಯಿಲಿನಲ್ಲಿ ಜಿಮ್‌ನ ಬಿಡುಗಡೆ ಮಾಡಿರ್ತಾಳೆ, ಅದು ಟಾಮ್‌ಗೆ ಮೊದಲಿಂದ್ಲೂ ಗೊತ್ತು. ಆಟ ಮುಗಿದ ಮೇಲೆ ಜಿಮ್ ಕೈಗೆ 40 ಡಾಲರ್ ಕೊಡ್ತಾನೆ. ಅದೇ 40! ನನಗೆ ಆ ಪುಟದಲ್ಲಿ ಮೈ ಉರಿಯುತ್ತೆ.

ಅಮೆರಿಕದ ಇನ್ನೊಬ್ಬ ಕಾದಂಬರಿಕಾರ ಹೆಮಿಂಗ್ವೇ 1935ರಲ್ಲಿ ಬರೆದ, ಜಿಮ್‌ನ ಕದ್ದೊಯ್ದಲ್ಲಿಗೇ ಓದೋದು ನಿಲ್ಲಿಸ್ಬೇಕು, ಉಳಿದಿದ್ದು ಮೋಸ ಅಂತ. ಆಧುನಿಕ ಅಮೆರಿಕನ್ ಸಾಹಿತ್ಯವೆಲ್ಲ ಈ ಒಂದು ಪುಸ್ತಕದಿಂದ ಬಂತು ಅಂದಿದ್ದೂ ಅವನೇ, ಅದೇ ಉಸಿರಲ್ಲಿ. ಆದ್ರೆ ಓದೋದು ನಿಲ್ಲಿಸು ಅನ್ನೋದನ್ನ ನಾನು ಒಪ್ಪಲ್ಲ. ಮೂವರೂ ತಪ್ಪಿಸ್ಕೊಂಡು ಓಡುವಾಗ ಟಾಮ್ ಕಾಲಿಗೆ ಗುಂಡು ಬಿದ್ದಾಗ, ಡಾಕ್ಟರ್ ಬರೋವರೆಗೂ ಇಲ್ಲಿಂದ ಕದಲಲ್ಲ ಅಂತ ಜಿಮ್ ಕೈಗೆ ಬಂದ ಸ್ವಾತಂತ್ರ್ಯನೇ ಬಿಟ್ಟು ನಿಲ್ತಾನೆ. ಅದು ಆ ಹಾಳು ಕೊನೆಯ ಒಳಗೇ ಇರೋದು. ನಿಲ್ಸಿದ್ರೆ ಅದು ಸಿಕ್ತಿರ್ಲಿಲ್ಲ.

ನೀನೂ ಉಯಿಲೇ ತಂದಿದ್ದೀಯ ನೋಡು. ಅತ್ತೆ ಸಾಯ್ತಾಳೆ, ಟ್ರಂಕಲ್ಲಿ ಕಾಗದ ಸಿಗುತ್ತೆ, ಮನೆ ಗಿರಿಜೆ ಹೆಸರಿಗೆ. ಅಷ್ಟು ದಿನ ತಾನೇ ನಿರ್ಧಾರ ಮಾಡಕ್ಕೆ ಒದ್ದಾಡಿದ ಹೆಣ್ಣಿನ ಕೈಯಿಂದ ನಿರ್ಧಾರ ಕಿತ್ಕೊಂಡು ಸತ್ತೋಳ ಕೈಗೆ ಕೊಟ್ಬಿಟ್ಟೆ. ನಿನ್ನ ಫ್ರೆಂಡ್ಸಿಗೆ ಬೇಜಾರಾಗಿದ್ದು ಇದಕ್ಕೇ, ಹೇಳಕ್ಕೆ ಬರ್ಲಿಲ್ಲ ಅಷ್ಟೆ. ಗಿರಿಜೆ ಮೇಲೆ ಪ್ರೀತಿ ಹುಟ್ದೇ ಇದ್ದಿದ್ರೆ ಅವರಿಗೆ ಬೇಜಾರೂ ಆಗ್ತಿರ್ಲಿಲ್ಲ.

ನನ್ನ ಒಂದು ಧಾರಾವಾಹಿನ ವಾರಪತ್ರಿಕೆಯೊಂದರ ಸಂಪಾದಕರು ಮುಂದಿನ ಸಂಚಿಕೆಗೇ ಮುಗಿಸಿ ಅಂತ ಫೋನ್ ಮಾಡಿ ಮುಗಿಸಿಸಿದ್ರು, ಬೇರೆ ಲೇಖಕರದ್ದು ಶುರು ಆಗ್ಬೇಕಿತ್ತಂತೆ. ಆ ಸಿಟ್ಟು ನಂಗಿನ್ನೂ ಇದೆ. ನಿನ್ನನ್ನ ಯಾರು ಅವಸರ ಮಾಡ್ತಿದಾರೆ ಹೇಳು?

ಕ್ಯೂನಲ್ಲಿ ಎರಡನೇ ಸಲ ಕೌಂಟರ್ ಹತ್ರ ಬಂದಾಗ ಗಿರಿಜೆ ಏನ್ಮಾಡಿದ್ಲು? ನೀನದನ್ನ ಬರೆದೇ ಇಲ್ಲ, ಸೀದಾ ಆಸ್ಪತ್ರೆಗೆ ಹಾರಿದ್ದೀಯ. ಅಲ್ಲಿಂದ ಮತ್ತೆ ಬರಿ. ಅದಕ್ಕಿಂತ ಹಿಂದಿನದನ್ನ ಮುಟ್ಬೇಡ, ಈ ಸಲ ಯಾರಿಗೂ ತೋರಿಸ್ಲೂಬೇಡ, ನೇರ ನನಗೆ ಕಳಿಸು. ದೀಪಾವಳಿ ಆದ್ಮೇಲೆ ನನ್ನ ಕಣ್ಣಿನ ಆಪರೇಷನ್ ಇದೆ, ಅಷ್ಟರೊಳಗೆ ಆದ್ರೆ ಒಳ್ಳೇದು, ಅಕ್ಷರ ಸ್ವಲ್ಪ ದೊಡ್ಡದು ಮಾಡಿರು.