ಕೂಗುವುದನ್ನು ಕಲಿತೆ, ಅಮ್ಮ

ಪ್ರೀತಿಯ ಅಮ್ಮ,

ನಾನಿಲ್ಲಿ ಕ್ಷೇಮ. ಅಪ್ಪ, ತಂಗಿ, ನೀನು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಫೋನಿನಲ್ಲಿ ಎಷ್ಟೋ ಸಲ ಹೇಳಹೊರಟು ನುಂಗಿಕೊಂಡ ಮಾತೊಂದನ್ನು ಈಗ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನನಗೆ ಏನೂ ಆಗಿಲ್ಲ.

ಎರಡು ತಿಂಗಳ ಹಿಂದೆ ರಾತ್ರಿ ಕೊನೆಯ ಬಸ್ಸಿನಲ್ಲಿ ಬರುತ್ತಿದ್ದೆ. ಅಷ್ಟೊಂದು ಸೀಟು ಖಾಲಿಯಿದ್ದರೂ ಒಬ್ಬ ಬಂದು ನನ್ನ ಪಕ್ಕದಲ್ಲೇ ಕುಳಿತ. ಹೆಸರು ಕೇಳಿದ, ಎಲ್ಲಿ ಇಳಿಯುವುದೆಂದು ಕೇಳಿದ. ಆಮೇಲೆ ಕೈಗಡಿಯಾರ ನೋಡುವ ನೆಪದಲ್ಲಿ ಮಣಿಕಟ್ಟು ಹಿಡಿದುಕೊಂಡ, ಬಿಡಲಿಲ್ಲ. ನಾನು ಏನು ಮಾಡಿದೆ ಗೊತ್ತೇ ಅಮ್ಮ? ನಕ್ಕೆ. ಅವನಿಗೆ ಬೇಸರವಾಗಬಾರದು ಎನ್ನುವಂತೆ ನಕ್ಕೆ. ಚಾಲಕ ಕನ್ನಡಿಯಲ್ಲಿ ನೋಡಿ ಗದರಿದ ಮೇಲೆ ಅವನು ಎದ್ದು ಹೋದ. ಮನೆಗೆ ಬಂದ ಮೇಲೂ ಆ ನಗು ಮುಖಕ್ಕೆ ಅಂಟಿಕೊಂಡಂತೆಯೇ ಅನ್ನಿಸಿ ಎರಡು ಸಲ ಮುಖ ತೊಳೆದೆ.

ಮರುವಾರವೇ ಆತ್ಮರಕ್ಷಣೆಯ ತರಗತಿಗೆ ಸೇರಿದೆ. ಮೊದಲ ದಿನ ಹೊಡೆಯುವುದನ್ನು ಕಲಿಸುತ್ತಾರೆಂದುಕೊಂಡಿದ್ದೆ. ಕಲಿಸುವಾಕೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕೈಗಳನ್ನು ಎದೆಯ ಮುಂದೆ ಅಂಗೈ ತೆರೆದು ಹಿಡಿದು ‘ಹಿಂದೆ ಸರಿ’ ಎಂದು ಕೂಗಿ ಎಂದರು. ನನ್ನ ಬಾಯಿಂದ ಬಂದದ್ದು ಅಪ್ಪಣೆ ಕೇಳುವ ಧ್ವನಿ. ಮತ್ತೆ ಕೂಗಿಸಿದರು, ಮತ್ತೆ ಮತ್ತೆ. ಏಳನೆಯದೋ ಎಂಟನೆಯದೋ ಸಲಕ್ಕೆ ಹೊಟ್ಟೆಯಿಂದ ಎದ್ದು ಬಂದ ಸ್ವರವನ್ನು ಕೇಳಿ ನಾನೇ ಬೆಚ್ಚಿದೆ. ಕಣ್ಣಲ್ಲಿ ನೀರು ಬಂತು, ಯಾಕೆಂದು ಈಗಲೂ ಹೇಳಲಾರೆ. ಹಾಗೆ ಕೈ ಮುಂದೆ ಹಿಡಿದು ನಿಂತರೆ ನೋಡುವವರಿಗೆ ಜಗಳ ಬೇಡ ಎನ್ನುವಂತೆ ಕಾಣುತ್ತದೆ, ಆದರೆ ಮುಖಕ್ಕೆ ಬರುವ ಏಟನ್ನು ತಡೆಯಲು ಕೈ ಆಗಲೇ ಸಿದ್ಧವಾಗಿರುತ್ತದೆ.

ಮಣಿಕಟ್ಟು ಬಿಡಿಸಿಕೊಳ್ಳುವುದು ಎರಡನೆಯ ವಾರ. ಹಿಡಿದವನ ಹಿಡಿತ ಎಷ್ಟೇ ಬಿಗಿಯಾಗಿರಲಿ, ಹೆಬ್ಬೆರಳೂ ಉಳಿದ ಬೆರಳುಗಳೂ ಸೇರುವ ಜಾಗದಲ್ಲಿ ಒಂದು ಸಂದು ಇರುತ್ತದೆ. ನಮ್ಮ ಮಣಿಕಟ್ಟಿನ ತೆಳುವಾದ ಅಂಚನ್ನು ಆ ಸಂದಿಗೆ ತಿರುಗಿಸಿ, ಒಂದು ಹೆಜ್ಜೆ ಅವನತ್ತಲೇ ಇಟ್ಟು, ಮೊಣಕೈ ಮಡಿಸಿ ಕೈಯನ್ನು ನಮ್ಮ ಹೆಗಲಿನತ್ತ ಎತ್ತಬೇಕು. ಹಿಂದಕ್ಕೆ ಎಳೆದಾಡಿದರೆ ಅವನ ನಾಲ್ಕು ಬೆರಳುಗಳ ಜೊತೆ ಸೆಣಸಿದಂತೆ, ಹೀಗೆ ತಿರುಗಿಸಿದರೆ ಒಂದೇ ಹೆಬ್ಬೆರಳಿನ ಜೊತೆ. ನನಗಿಂತ ದುಪ್ಪಟ್ಟು ತೂಕದ ಸಹಪಾಠಿಯ ಕೈಯಿಂದ ನಾನು ಬಿಡಿಸಿಕೊಂಡೆ. ಕೈ ಬಿಡಿಸಿಕೊಂಡ ಕೂಡಲೇ ಓಡಬೇಕು, ನಿಂತು ಸೇಡು ತೀರಿಸಿಕೊಳ್ಳಬಾರದು. ಚಾಕು ತೋರಿಸಿ ಚೀಲ ಕೇಳಿದರೆ ಚೀಲ ಕೊಟ್ಟುಬಿಡಬೇಕು.

ಹೊಡೆಯಲೇಬೇಕಾಗಿ ಬಂದರೆ ಮುಷ್ಟಿ ಬೇಡ ಎನ್ನುತ್ತಾರೆ. ಗಟ್ಟಿ ತಲೆಬುರುಡೆಗೆ ಗುದ್ದಿದರೆ ಕಿರುಬೆರಳಿನ ಬುಡದ ಮೂಳೆ ಸುಲಭವಾಗಿ ಮುರಿಯುತ್ತದೆ. ಅಂಗೈಯ ಬುಡದಿಂದ ಮೂಗಿಗೋ ಗದ್ದಕ್ಕೋ ಹೊಡೆಯಬೇಕು. ಭಯದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರಿದಾಗ ಬೆರಳುಗಳ ನಾಜೂಕು ಹೋಗಿ, ಬೀಗಕ್ಕೆ ಕೀಲಿಕೈ ಹಾಕುವುದೂ ಕಷ್ಟವಾಗುತ್ತದೆ. ಆದ್ದರಿಂದಲೇ ಕಲಿಯುವ ಪಟ್ಟುಗಳೆಲ್ಲ ಒರಟು, ಸರಳ. ಸಿನಿಮಾದ ಹಾರುವ ಒದೆತ ಇಲ್ಲಿ ಒಂದೂ ಇಲ್ಲ.

‘ಇಷ್ಟು ಸಣ್ಣಗಿರುವ ಹುಡುಗಿ ಏನು ಮಾಡುತ್ತಾಳೆ’ ಎಂದು ನೀನು ಅನ್ನುತ್ತೀ, ಗೊತ್ತು. ಲಂಡನ್ನಿನಲ್ಲಿ ಈಡಿತ್ ಗ್ಯಾರಡ್ ಎಂಬ ಹೆಂಗಸಿದ್ದರು, ಎತ್ತರ ಐದು ಅಡಿಗೂ ಕಡಿಮೆ. ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಮಹಿಳೆಯರಿಗೆ ಮೊದಲ ಮಹಾಯುದ್ಧಕ್ಕೂ ಮುಂಚೆ ಜುಜುತ್ಸು ಎಂಬ ಜಪಾನಿ ಸಮರಕಲೆಯನ್ನು ಕಲಿಸಿದವರು ಅವರೇ. ಅವರ ಚಿತ್ರ ನಮ್ಮ ತರಗತಿಯ ಗೋಡೆಯ ಮೇಲಿದೆ.

ಇನ್ನೊಂದು ವಿಷಯವನ್ನು ತಂಗಿಗೆ ತಪ್ಪದೆ ಓದಿ ಹೇಳು. ಇಲ್ಲಿ, ಕೆನಡಾದ ಮೂರು ವಿಶ್ವವಿದ್ಯಾಲಯಗಳ ಸುಮಾರು 900 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 12 ಗಂಟೆಗಳ ತರಬೇತಿ ಪಡೆದವರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಶೇ. 5.2, ಪಡೆಯದವರಲ್ಲಿ ಶೇ. 9.8. ಆ ತರಬೇತಿಯ ಬಹುಭಾಗ ಪಟ್ಟುಗಳದ್ದಲ್ಲ. ಪರಿಚಿತನ ನಡವಳಿಕೆ ಹಾದಿ ತಪ್ಪುತ್ತಿರುವುದನ್ನು ಬೇಗ ಗುರುತಿಸುವುದು, ‘ಅವನಿಗೆ ನೋವಾದೀತು’ ಎಂಬ ನಮ್ಮದೇ ಸಂಕೋಚವನ್ನು ದಾಟುವುದು, ಅದೇ ಹೆಚ್ಚು. ಓದುವಾಗ ಬಸ್ಸಿನ ನನ್ನ ನಗು ನೆನಪಾಯಿತು. ಕತ್ತಲಲ್ಲಿ ಓಡಾಡಬೇಡ, ಅಪರಿಚಿತರನ್ನು ನಂಬಬೇಡ ಎಂದು ನೀನು ನಮ್ಮಿಬ್ಬರಿಗೂ ಹೇಳಿಕೊಟ್ಟೆ. ಗುರುತಿನವರಿಗೆ ಬೇಡ ಎನ್ನುವುದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ, ಬಹುಶಃ ನಿನಗೂ ಯಾರೂ ಹೇಳಿರಲಿಲ್ಲ. ಬಯ್ಯಲು ಬರೆಯುತ್ತಿಲ್ಲ ಅಮ್ಮ. ನಿನ್ನನ್ನು ನೆನೆದು ಬೇಸರವಾಯಿತು, ಅದಕ್ಕೆ ಬರೆದೆ.

ಈ ಪತ್ರ ಓದಿ ಮುಗಿಸಿದ ಮೇಲೆ ಅಪ್ಪನಿಗೆ ನಿನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಲು ಹೇಳು. ಹೆಬ್ಬೆರಳಿನ ಕಡೆಗೆ, ನೆನಪಿರಲಿ. ತಂಗಿಯೂ ಮಾಡಲಿ. ಭಾನುವಾರ ಫೋನ್ ಮಾಡುತ್ತೇನೆ. ಬಿಡಿಸಿಕೊಂಡೆಯಾ ಎಂದು ಮೊದಲು ಕೇಳುವುದು ಅದನ್ನೇ.

ನಿನ್ನ ಮಗಳು